ಕಂಪನಿಯ ದುಡ್ಡು, ಜಾವಾದ ನೋಟು: ಸಂಗ್ರಹಕಾರರಿಗೊಂದು ಪಾಠ



ಹಳೆಯ ನಾಣ್ಯವೊಂದು ಕೈಗೆ ಬಂದ ಕೂಡಲೆ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: “ಇದಕ್ಕೆ ಎಷ್ಟು ರೊಕ್ಕ ಬಂದೀತು?” ಪಗಾರದ ಮೇಲೆ ಬದುಕುವ ನಮ್ಮಂಥವರು ಹಾಗೆ ಕೇಳುವುದು ತಪ್ಪಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದುಂಟು: “ಇದು ಏನು ಹೇಳುತ್ತದೆ?” ಇದಕ್ಕೆ ಉತ್ತರ ತಿಳಿಯದವನಿಗೆ ಮೊದಲಿನ ಪ್ರಶ್ನೆಗೂ ಸರಿಯಾದ ಉತ್ತರ ಸಿಕ್ಕದು. ಅಂಥವನು ಬೆಳ್ಳಿಯ ನಾಣ್ಯವನ್ನು ತೂಕಕ್ಕೆ ಮಾರಿ ಬರುತ್ತಾನೆ. ಹಿತ್ತಾಳೆಯ ಬಿಲ್ಲೆಯನ್ನು ತಿಂಗಳ ಪಗಾರ ಕೊಟ್ಟು ಕೊಳ್ಳುತ್ತಾನೆ.

ಈ ಸಲದ ಪಾಠಕ್ಕೆ ಡಚ್ಚರು ತಮ್ಮ ವಸಾಹತುಗಳಲ್ಲಿ ನಡೆಸಿದ ನಾಣ್ಯ ಮತ್ತು ನೋಟುಗಳನ್ನು ಆರಿಸಿಕೊಂಡಿದ್ದೇವೆ. ಖಡಕಿಗೂ ಹಾಲೆಂಡ್ ದೇಶಕ್ಕೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಬಹುದು. ನಂಟು ಎರಡು ದಾರಿಯಿಂದ ಬಂದಿದೆ. ಒಂದು ಕಡಲ ವ್ಯಾಪಾರದ ದಾರಿ, ಇನ್ನೊಂದು ದಂಡಿನ ದಾರಿ. ಎರಡನ್ನೂ ಕ್ರಮವಾಗಿ ನೋಡೋಣ.

ಕಡಲ ದಾರಿ

ಹಾಲೆಂಡಿನ ವರ್ತಕರು ಕೂಡಿ 1602ರಲ್ಲಿ ಒಂದು ಕಂಪನಿ ಕಟ್ಟಿದರು. ಅದರ ಹೆಸರು ‘ವೆರೇನಿಗ್ಡೆ ಓಸ್ಟ್‌ಇಂಡಿಶೆ ಕೊಂಪನಿ’, ಎಂದರೆ ಸಂಯುಕ್ತ ಪೂರ್ವ ಇಂಡಿಯಾ ಕಂಪನಿ. ಮೊದಲಕ್ಷರಗಳಿಂದ ಅದನ್ನು ವಿ.ಒ.ಸಿ. ಎನ್ನುವುದು ವಾಡಿಕೆ. ಜಾವಾ ದ್ವೀಪದ ಬಟಾವಿಯಾ, ಅಂದರೆ ಇಂದಿನ ಜಕಾರ್ತಾ, ಅದರ ಮುಖ್ಯ ಠಾಣೆ. ನಮ್ಮ ದೇಶದಲ್ಲಿಯೂ ಅದರ ಠಾಣೆಗಳು ಹಲವಿದ್ದವು. ಕೋರಮಂಡಲ ತೀರದ ಪುಲಿಕಾಟಿನಲ್ಲಿ 1613ರಲ್ಲಿ ಗೆಲ್ಡ್ರಿಯಾ ಕೋಟೆಯೆದ್ದಿತು. ನಾಗಪಟ್ಟಣವನ್ನು 1658ರಲ್ಲಿಯೂ ಕೊಚ್ಚಿಯನ್ನು 1663ರಲ್ಲಿಯೂ ಪೋರ್ತುಗೀಜರಿಂದ ಕಿತ್ತುಕೊಂಡರು. ನಮಗೆ ಹತ್ತಿರದ ವೆಂಗುರ್ಲೆಯಲ್ಲಿ 1637ರಲ್ಲಿಯೇ ಅವರ ವಖಾರಿ ಇತ್ತು. ಕನ್ನಡ ಕರಾವಳಿಯ ಬಸರೂರಿನಲ್ಲಿ 17ನೆಯ ಶತಮಾನದ ಉತ್ತರಾರ್ಧದಲ್ಲಿ ಕೆಳದಿ ಅರಸರ ರಾಜ್ಯದ ಅಕ್ಕಿ, ಮೆಣಸು ಕೊಳ್ಳಲು ವಖಾರಿ ಇಟ್ಟಿದ್ದರು.

ವ್ಯಾಪಾರಕ್ಕೆ ಬಂದವನು ಊರಿನ ನಾಣ್ಯಕ್ಕೆ ತಲೆಬಾಗಬೇಕಾಗುತ್ತದೆ. ಹಾಲೆಂಡಿನ ಸಿಂಹದ ಚಿತ್ರ ತೋರಿಸಿದರೆ ನಮ್ಮ ಬೇಸಾಯಗಾರನು ಅಕ್ಕಿ ಅಳೆದು ಕೊಡುತ್ತಿರಲಿಲ್ಲ. ಆದಕಾರಣ ಕೋರಮಂಡಲ ತೀರದಲ್ಲಿ ಡಚ್ಚರು ದೇವಮೂರ್ತಿಯಿರುವ ಚಿನ್ನದ ವರಹಗಳನ್ನು ನಮ್ಮ ಮಾದರಿಯಲ್ಲಿಯೇ ಹೊಡೆಸಿದರು. ನಾಗಪಟ್ಟಣದ ತಾಮ್ರದ ಕಾಸುಗಳಲ್ಲಿ ಒಂದು ಮುಖಕ್ಕೆ ಕಂಪನಿಯ ಮುದ್ರೆ, ಇನ್ನೊಂದು ಮುಖಕ್ಕೆ ತಮಿಳು ಅಕ್ಷರದಲ್ಲಿ ಊರಿನ ಹೆಸರು. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಜಾವಾದ ನಾಣ್ಯದಲ್ಲಿಯೂ ಇದೇ ನೀತಿಯನ್ನು ಕಾಣುವೆವು.

ಮುದ್ರೆ ಏಕೆ ಬಂತು?

ಸಂಗ್ರಹಕ್ಕೆ ತೊಡಗುವವನಿಗೆ ಸುಲಭವಾಗಿ ದೊರೆಯುವ ಡಚ್ ನಾಣ್ಯವೆಂದರೆ ‘ದೊಯ್ಟ್’ ಎಂಬ ತಾಮ್ರದ ಬಿಡಿಗಾಸು. ತೂಕ ಸುಮಾರು 3 ಗ್ರಾಂ. ಅಗಲ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಒಂದು ಮುಖದಲ್ಲಿ ದೊಡ್ಡ ‘ವಿ’ ಅಕ್ಷರ, ಅದರ ಎರಡು ತೋಳುಗಳ ಮೇಲೆ ‘ಒ’ ಮತ್ತು ‘ಸಿ’, ಕೆಳಗೆ ಇಸವಿ. 1726ರಿಂದ 1794ರ ವರೆಗಿನ ಇಸವಿಗಳು ಸಿಕ್ಕುತ್ತವೆ.

ಈ ಮುದ್ರೆ ಅಂದಕ್ಕಾಗಿ ಬಂದುದಲ್ಲ. ಇದರ ಹಿಂದೆ ಒಂದು ಲೆಕ್ಕವಿದೆ. ಗಿರಣಿಯ ಲೆಕ್ಕದ ಪುಸ್ತಕ ಬರೆಯುವ ನಮಗೆ ಅದು ಬೇಗ ತಿಳಿಯುತ್ತದೆ. ಹಾಲೆಂಡಿನಲ್ಲಿ 8 ದೊಯ್ಟಿಗೆ 1 ಸ್ಟೈವರ್. 20 ಸ್ಟೈವರಿಗೆ 1 ಗುಲ್ಡನ್. ಹಾಗಾದರೆ 1 ಗುಲ್ಡನ್ನಿಗೆ 160 ದೊಯ್ಟ್. ಜಾವಾದಲ್ಲಿಯೋ 4 ದೊಯ್ಟಿಗೇ 1 ಸ್ಟೈವರ್ ಎಂದು ದರ. ಊರಿನಲ್ಲಿ 1 ಗುಲ್ಡನ್ ಕೊಟ್ಟು 160 ದೊಯ್ಟ್ ಚೀಲಕ್ಕೆ ತುಂಬಿಕೊಂಡು ಹಡಗು ಹತ್ತಿದ ನಾವಿಕನು ಜಾವಾದಲ್ಲಿ ಇಳಿದಾಗ ಅವನ ಕೈಯಲ್ಲಿ 40 ಸ್ಟೈವರ್, ಅಂದರೆ 2 ಗುಲ್ಡನ್! ಕಂಪನಿಯ ನೌಕರರು ಸುಮ್ಮನಿದ್ದಾರೆಯೇ? ಚೀಲ ಚೀಲ ದೊಯ್ಟ್ ಕದ್ದು ಸಾಗಿಸಿದರು. ಲಾಭವೆಲ್ಲ ತನಗೇ ಬರಬೇಕೆಂದು ಕಂಪನಿಯು 1726ರಿಂದ ತನ್ನ ಮುದ್ರೆಯ ದೊಯ್ಟುಗಳನ್ನು ಬೇರೆಯಾಗಿ ಹೊಡೆಸತೊಡಗಿತು. ತಾನಿನ ಅಂಚಿಗೆ ಗಿರಣಿಯ ಮುದ್ರೆ ಬೀಳುವುದಿಲ್ಲವೇ, ಹಾಗೆ. ದೂರದ ಒಡೆಯನಿಗೆ ತನ್ನ ಗುಮಾಸ್ತನ ಮೇಲೆ ಇದ್ದ ಸಂಶಯವೇ ಆ ಮೂರು ಅಕ್ಷರ.

ನಾಣ್ಯದ ಹಿಂಬದಿಯಲ್ಲಿ ಅದನ್ನು ಹೊಡೆದ ಪ್ರಾಂತದ ಲಾಂಛನವಿರುತ್ತದೆ. ಹಾಲೆಂಡ್ ಪ್ರಾಂತದ್ದಾದರೆ ಕಿರೀಟದ ಕೆಳಗೆ ಗುರಾಣಿಯಲ್ಲಿ ಎದ್ದು ನಿಂತ ಒಂದು ಸಿಂಹ. ಝೀಲಂಡ್ ಪ್ರಾಂತದ್ದಾದರೆ ನೀರಿನ ಅಲೆಗಳಿಂದ ಅರ್ಧ ಮೇಲೆದ್ದ ಸಿಂಹ. ಪಶ್ಚಿಮ ಫ್ರೀಸ್‌ಲಂಡಿನದಾದರೆ ಒಂದರ ಮೇಲೊಂದು ನಡೆಯುವ ಎರಡು ಸಿಂಹ. ಗೆಲ್ಡರ್‌ಲಂಡಿನದಾದರೆ ಎದುರುಬದುರಾದ ಎರಡು ಸಿಂಹ. ಉಟ್ರೆಕ್ಟಿನದಾದರೆ ಓರೆಗೆರೆಯಿಂದ ಎರಡು ಭಾಗವಾದ ಗುರಾಣಿ. ಐದು ಪ್ರಾಂತಗಳಿಂದ ಒಂದೊಂದು ನಾಣ್ಯ ಕೂಡಿಸುವುದು ಹೊಸಬರಿಗೆ ಒಳ್ಳೆಯ ಗುರಿ; ಖರ್ಚೂ ಹಿತಮಿತ. ಇನ್ನೂರೈವತ್ತು ವರ್ಷ ಹಳೆಯದೆಂದ ಮಾತ್ರಕ್ಕೆ ನಾಣ್ಯ ಅಪರೂಪವಾಗದು. ದೊಯ್ಟುಗಳನ್ನು ಹೇರಳವಾಗಿ ಹೊಡೆದಿದ್ದರು, ಹೇರಳವಾಗಿಯೇ ಉಳಿದಿವೆ.

ಇಲ್ಲಿ ಒಂದು ಪದದ ವಿಚಾರ. ಮಲಯ ಭಾಷೆಯಲ್ಲಿ ಇಂದಿಗೂ ಹಣಕ್ಕೆ ‘ದುಯಿತ್’ ಎನ್ನುತ್ತಾರೆ. ಅದು ಈ ಡಚ್ ಕಾಸಿನ ಹೆಸರೇ. ನಮ್ಮ ‘ದುಡ್ಡು’ ಕೂಡ ಅಲ್ಲಿಂದಲೇ ಬಂತೆಂದು ಮಾತಿನ ಭರದಲ್ಲಿ ಹೇಳುವವರುಂಟು. ಎರಡು ಪದಗಳ ಸದ್ದು ಹೋಲಿದ ಮಾತ್ರಕ್ಕೆ ಅವು ನೆಂಟರಾಗುವುದಿಲ್ಲ. ಡಚ್ಚರು ಬರುವುದಕ್ಕೆ ಮೊದಲಿನ ಬರಹಗಳಲ್ಲಿ ಪದ ಇತ್ತೇ ಎಂದು ಹುಡುಕಿ ನೋಡಿ ತೀರ್ಮಾನಿಸಬೇಕು. ನಾಣ್ಯದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: ಕಥೆ ಚೆನ್ನಾಗಿದೆ ಎಂಬುದು ಸಾಕ್ಷಿಯಲ್ಲ.

ಒಂದು ಮುಖ ಗುಲ್ಡನ್, ಇನ್ನೊಂದು ಮುಖ ರೂಪಾಯಿ

1799ರ ಕೊನೆಯ ದಿನ ಕಂಪನಿ ಮುಚ್ಚಿತು. ಅದರ ಸಾಲ, ಸೊತ್ತು, ರಾಜ್ಯಗಳೆಲ್ಲ ಡಚ್ ಸರಕಾರಕ್ಕೆ ಸೇರಿದವು. 1854ರ ಕಾಯಿದೆಯಂತೆ ಜಾವಾ ಮೊದಲಾದ ದ್ವೀಪಗಳಿಗೆ ಹೊಸ ನಾಣ್ಯ ಪದ್ಧತಿ ಬಂತು: 100 ಸೆಂಟಿಗೆ 1 ಗುಲ್ಡನ್. ನಾಣ್ಯದ ಮೇಲೆ ‘ನೆದರ್‌ಲಾಂಡ್ಶ್ ಇಂಡಿ’ ಎಂಬ ಬರಹ.

ಇವುಗಳಲ್ಲಿ ಕಾಲು ಗುಲ್ಡನ್ ಮತ್ತು ಹತ್ತನೆಯ ಒಂದು ಗುಲ್ಡನ್ ಬೆಳ್ಳಿಯವು. ಸಾವಿರಕ್ಕೆ 720 ಭಾಗ ಬೆಳ್ಳಿ. ಕಾಲು ಗುಲ್ಡನ್ನಿನ ತೂಕ 3.18 ಗ್ರಾಂ, ಹತ್ತನೆಯ ಒಂದರದು 1.25 ಗ್ರಾಂ. ಕಂಚಿನ ನಾಣ್ಯಗಳಲ್ಲಿ ಎರಡೂವರೆ ಸೆಂಟಿನದು 12.5 ಗ್ರಾಂ, ಒಂದು ಸೆಂಟಿನದು 4.8 ಗ್ರಾಂ, ಅರ್ಧ ಸೆಂಟಿನದು 2.3 ಗ್ರಾಂ. 1936ರಿಂದ 1945ರ ವರೆಗಿನ ಒಂದು ಸೆಂಟಿನ ನಡುವೆ ತೂತು ಇದೆ. ನಮ್ಮಲ್ಲಿ 1943ರಿಂದ ಬಂದ ತೂತಿನ ಕಾಸನ್ನು ಬಲ್ಲ ಹಿರಿಯರು ಅದನ್ನು ಕಂಡು ನಮ್ಮದೇ ಎಂದುಕೊಳ್ಳುವುದು ಸಹಜ. ಇಸವಿ, ಬರಹ ಓದಿದರೆ ಭೇದ ತಿಳಿಯುತ್ತದೆ.

ಈಗ ಕಾಲು ಗುಲ್ಡನ್ನನ್ನು ತಿರುವಿ ನೋಡಿ. ಒಂದು ಮುಖದಲ್ಲಿ ಡಚ್ ಭಾಷೆ. ಇನ್ನೊಂದು ಮುಖದಲ್ಲಿ ಅರಬ್ಬಿ ಲಿಪಿಯಲ್ಲಿ ಮಲಯ ಭಾಷೆ, ಅದರ ಜೊತೆಗೆ ಜಾವಾ ಲಿಪಿ. ಈ ಜಾವಾ ಲಿಪಿಯೂ ನಮ್ಮ ಕನ್ನಡದಂತೆ ಬ್ರಾಹ್ಮಿಯಿಂದ ಇಳಿದು ಬಂದುದು. ಡಚ್ ಮುಖ ‘ಗುಲ್ಡನ್’ ಎನ್ನುತ್ತದೆ. ಜನರ ಭಾಷೆಯ ಮುಖ ಏನನ್ನುತ್ತದೆ? ಕಾಲು ‘ರೂಪಿಯಾ’! ನಮ್ಮ ದೇಶದ ರೂಪಾಯಿ ಎಂಬ ಮಾತೇ ಕಡಲು ದಾಟಿ ಅಲ್ಲಿ ನೆಲೆಸಿತ್ತು. ಆಳುವವರು ತಮ್ಮ ಮುಖದಲ್ಲಿ ಏನೇ ಬರೆದುಕೊಳ್ಳಲಿ, ಸಂತೆಯಲ್ಲಿ ನಡೆಯಬೇಕಾದರೆ ಜನರ ಹೆಸರಿಗೆ ಜಾಗ ಬಿಡಲೇಬೇಕಾಯಿತು. ಸ್ವತಂತ್ರವಾದ ಮೇಲೆ ಇಂಡೊನೇಷ್ಯ ತನ್ನ ಹಣಕ್ಕೆ ಆ ಹೆಸರನ್ನೇ ಇಟ್ಟುಕೊಂಡಿದೆ. ಪರಸ್ಥಳದಲ್ಲಿ ಕನ್ನಡ ಓದುವ ನಾವು ಇದನ್ನು ಗಮನಿಸಬೇಕು. ನಿಮ್ಮ ಜೇಬಿನ ನೋಟಿನ ಹಿಂಬದಿಯ ಭಾಷಾ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡ. ಎಷ್ಟು ಸಲ ಓದಿದ್ದೇವೆ?

1941ರಿಂದ 1945ರ ವರೆಗಿನ ನಾಣ್ಯಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. 1940ರ ಮೇ ತಿಂಗಳಲ್ಲಿ ಜರ್ಮನರು ಹಾಲೆಂಡನ್ನು ಹಿಡಿದರು. ಉಟ್ರೆಕ್ಟಿನ ಟಂಕಸಾಲೆ ಕೈತಪ್ಪಿತು. ಆಗ ಈ ನಾಣ್ಯಗಳನ್ನು ಅಮೆರಿಕದಲ್ಲಿ ಹೊಡೆಸಿದರು. ಅವುಗಳ ಮೇಲೆ ಪುಟ್ಟ ತಾಳೆಯ ಮರವೂ ಒಂದು ಅಕ್ಷರವೂ ಇರುತ್ತವೆ: ‘ಪಿ’ ಎಂದರೆ ಫಿಲಡೆಲ್ಫಿಯ, ‘ಡಿ’ ಎಂದರೆ ಡೆನ್ವರ್, ‘ಎಸ್’ ಎಂದರೆ ಸಾನ್ ಫ್ರಾನ್ಸಿಸ್ಕೊ. ದೇಶ ಕಳೆದುಕೊಂಡ ಸರಕಾರವೊಂದು ಪರದೇಶದಲ್ಲಿ ಕೂತು ತನ್ನ ವಸಾಹತಿಗೆ ಹಣ ಮಾಡಿಸುತ್ತಿತ್ತು ಎಂಬುದಕ್ಕೆ ಆ ಒಂದು ಅಕ್ಷರ ಸಾಕ್ಷಿ.

ದಂಡಿನ ದಾರಿ

ಖಡಕಿ ದಂಡಿನ ಊರು. ಬಾಂಬೆ ಸ್ಯಾಪರ್ಸ್ ಕೇಂದ್ರವೂ ಮದ್ದುಗುಂಡಿನ ಕಾರ್ಖಾನೆಯೂ 1869ರಿಂದ ಇಲ್ಲಿವೆ. ದಂಡಿಗೆ ಹೋದವರು ತಿರುಗಿ ಬರುವಾಗ ಜೇಬಿನಲ್ಲಿ ಉಳಿದ ಪರದೇಶದ ಚಿಲ್ಲರೆಯನ್ನು ತರುವುದುಂಟು. ಡಚ್ ಹಣ ನಮ್ಮ ಕಡೆಯ ಮನೆಗಳಿಗೆ ಬರಲು ಕಾರಣವಾದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು.

1942ರಲ್ಲಿ ಜಪಾನೀಯರು ಜಾವಾವನ್ನು ಗೆದ್ದರು. 1945ರ ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ಅದೇ ತಿಂಗಳ 17ರಂದು ಸುಕರ್ಣೊ ಮತ್ತು ಹಟ್ಟಾ ಇಂಡೊನೇಷ್ಯದ ಸ್ವಾತಂತ್ರ್ಯವನ್ನು ಸಾರಿದರು. ಡಚ್ಚರ ಬಳಿ ಆಗ ದಂಡಿರಲಿಲ್ಲ. ಬ್ರಿಟಿಷರು ಹಿಂದೂಸ್ಥಾನದ ಸಿಪಾಯಿಗಳನ್ನು ಅಲ್ಲಿಗೆ ಇಳಿಸಿದರು. ಅಕ್ಟೋಬರ್ ಕೊನೆಗೆ ಸುರಬಾಯಾ ಪಟ್ಟಣದಲ್ಲಿ ಇಳಿದ 49ನೆಯ ಬ್ರಿಗೇಡಿನಲ್ಲಿ ಮರಾಠಾ ಪಲಟಣಗಳಿದ್ದವು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಅಕ್ಟೋಬರ್ 30ರಂದು ಬ್ರಿಗೇಡಿಯರ್ ಮ್ಯಾಲಬಿ ಅಲ್ಲಿ ಕೊಲ್ಲಲ್ಪಟ್ಟನು. ನವೆಂಬರ್ 10ರಿಂದ ನಡೆದ ದೊಡ್ಡ ಕಾಳಗದಲ್ಲಿ ಪಟ್ಟಣ ಹಾಳಾಯಿತು. ಆ ದಿನವನ್ನು ಇಂಡೊನೇಷ್ಯ ಇಂದಿಗೂ ವೀರರ ದಿನವೆಂದು ಆಚರಿಸುತ್ತದೆ. 1946ರ ನವೆಂಬರಿನ ಹೊತ್ತಿಗೆ ನಮ್ಮವರು ಜಾವಾ ಬಿಟ್ಟರು.

ಇನ್ನೂ ಸ್ವತಂತ್ರವಾಗದ ದೇಶದ ಸಿಪಾಯಿ, ಸ್ವಾತಂತ್ರ್ಯ ಬೇಡುವ ಇನ್ನೊಂದು ದೇಶದ ಬೀದಿಯಲ್ಲಿ ಬಂದೂಕು ಹಿಡಿದು ನಿಂತಿದ್ದನು. ಅಲ್ಲಿಂದ ಬಂದ ಒಂದು ಸೆಂಟಿನ ಕಾಸು ಬೆಲೆಯಿಂದ ಏನೂ ಅಲ್ಲ. ಆದರೆ ಆ ಮನುಷ್ಯನ ಬಾಯಿಂದ ಬಂದ ನಾಲ್ಕು ಮಾತು ಅದರ ಜೊತೆ ಉಳಿದಿದ್ದರೆ ಅದಕ್ಕೆ ಬೆಲೆ ಕಟ್ಟಲಾಗದು. ಆ ಪೀಳಿಗೆ ಬಹುಮಟ್ಟಿಗೆ ಹೋಗಿಬಿಟ್ಟಿದೆ. ಕೇಳಿದ ಮಾತನ್ನು ನೆನಪಿಟ್ಟುಕೊಂಡ ಮಕ್ಕಳು, ಸೊಸೆಯಂದಿರು ಇನ್ನೂ ಇದ್ದಾರೆ. ಅವರನ್ನು ಈಗಲೇ ಕೇಳಬೇಕು.

ಕಾಗದದ ಹಣ, ಕಾಗದದ ಮಾತು

ಬಟಾವಿಯಾದಲ್ಲಿ 1828ರಲ್ಲಿ ಹುಟ್ಟಿದ ಜಾವಾ ಬ್ಯಾಂಕು ಡಚ್ಚರ ಕಾಲದ ನೋಟುಗಳನ್ನು ಹೊರಡಿಸುತ್ತಿತ್ತು. 1930ರ ದಶಕದ ಅದರ ನೋಟುಗಳಲ್ಲಿ ಜಾವಾದ ರಂಗನರ್ತಕರ ಚಿತ್ರಗಳಿವೆ. ರಾಮಾಯಣ, ಭಾರತಗಳ ಕಥೆಯಾಡುವ ಆ ವೇಷಗಳು ಯಕ್ಷಗಾನ, ತೊಗಲುಗೊಂಬೆ ಕಂಡ ಕಣ್ಣಿಗೆ ಹೊಸವೆನಿಸುವುದಿಲ್ಲ. ನೋಟಿನ ಹಿಂಬದಿಯಲ್ಲಿ ಖೋಟಾ ನೋಟು ಮಾಡಿದವನಿಗೆ ಶಿಕ್ಷೆಯೆಂಬ ಎಚ್ಚರಿಕೆ ಡಚ್, ಮಲಯ, ಜಾವಾ, ಚೀನೀ ಭಾಷೆಗಳಲ್ಲಿದೆ.

ಜಪಾನೀಯರು ಬಂದ ಮೇಲೆ ತಮ್ಮ ನೋಟುಗಳನ್ನು ಹರಿಬಿಟ್ಟರು. ಮೊದಲಿನವುಗಳ ಮೇಲೆ ಡಚ್ ಭಾಷೆಯಲ್ಲಿ ‘ಜಪಾನ್ ಸರಕಾರ’ ಎಂದಿದೆ. ಆಮೇಲಿನವುಗಳ ಮೇಲೆ ‘ರೂಪಿಯಾ’. ಇಲ್ಲೊಂದು ಗುರುತು ನೆನಪಿರಲಿ. ಜಪಾನೀಯರು ಗೆದ್ದ ಬೇರೆ ನಾಡುಗಳಿಗೂ ಇಂಥ ನೋಟು ಮಾಡಿದ್ದರು. ನೋಟಿನ ಮೇಲಿನ ಅಕ್ಷರಗಳಲ್ಲಿ ಮೊದಲನೆಯದು ‘ಎಸ್’ ಆಗಿದ್ದರೆ ಡಚ್ ದ್ವೀಪಗಳದ್ದು, ‘ಬಿ’ ಆದರೆ ಬರ್ಮಾದ್ದು, ‘ಎಂ’ ಆದರೆ ಮಲಯದ್ದು. ನಮ್ಮ ಕಡೆ ಸಿಕ್ಕುವವುಗಳಲ್ಲಿ ಬರ್ಮಾದ ರೂಪಾಯಿ ನೋಟು ಹೆಚ್ಚು. ಅದನ್ನು ಜಾವಾದ್ದೆಂದು ಕೊಳ್ಳಬೇಡಿ.

ಡಚ್ಚರು ರಾಣಿ ವಿಲ್ಹೆಲ್ಮಿನಾಳ ಚಿತ್ರವಿರುವ ನೋಟುಗಳನ್ನು 1943ರ ಇಸವಿ ಹಾಕಿ ಅಮೆರಿಕದಲ್ಲಿ ಅಚ್ಚು ಹಾಕಿಸಿ ಇಟ್ಟಿದ್ದರು. ಜಾವಾದಲ್ಲಿ ಅವು 1946ರ ಮಾರ್ಚಿನಲ್ಲಿ ಚಲಾವಣೆಗೆ ಬಂದವು. ದರ ಏನು? ಜಪಾನಿನ 100 ರೂಪಿಯಾಕ್ಕೆ ಹೊಸ 3 ಗುಲ್ಡನ್. ಮೂರು ವರ್ಷ ದುಡಿದು ನೂರು ಕೂಡಿಟ್ಟವನ ಕೈಗೆ ಮೂರು ಬಂತು! ಗಣರಾಜ್ಯದವರು ಸುಮ್ಮನಿರದೆ 1946ರ ಅಕ್ಟೋಬರ್ 30ರಂದು ತಮ್ಮದೇ ನೋಟು ತಂದರು. ಆಗ ಯಾರ ನೋಟು ಜೇಬಿನಲ್ಲಿದೆಯೋ ಅವನು ಅವರ ಕಡೆಯವನು ಎಂದೆಣಿಸುವ ಕಾಲ.

1949ರ ಡಿಸೆಂಬರಿನಲ್ಲಿ ಡಚ್ಚರು ಅಧಿಕಾರ ಬಿಟ್ಟುಕೊಟ್ಟರು. 1950ರ ಮಾರ್ಚಿನಲ್ಲಿ ಅರ್ಥಮಂತ್ರಿ ಶಾಫ್ರುದ್ದೀನ್ ಪ್ರವಿರನೆಗಾರ ಒಂದು ಆಜ್ಞೆ ಹೊರಡಿಸಿದರು: ಜಾವಾ ಬ್ಯಾಂಕಿನ ಮತ್ತು ಡಚ್ ಸರಕಾರದ 5 ಗುಲ್ಡನ್ ಹಾಗೂ ಅದಕ್ಕೆ ಮೇಲ್ಪಟ್ಟ ನೋಟುಗಳನ್ನೆಲ್ಲ ಕತ್ತರಿಯಿಂದ ಎರಡಾಗಿ ಕತ್ತರಿಸಬೇಕು. ಎಡಭಾಗ ಅರ್ಧ ಬೆಲೆಗೆ ನಡೆಯುವುದು. ಬಲಭಾಗಕ್ಕೆ ಸರಕಾರದ ಸಾಲಪತ್ರ. ಆದುದರಿಂದ ಅರ್ಧಕ್ಕೆ ನೆಟ್ಟಗೆ ಕತ್ತರಿಸಿದ ಡಚ್ ನೋಟು ಸಿಕ್ಕಿದರೆ ಹರಿದ ಕಾಗದವೆಂದು ಎಸೆಯಬೇಡಿ. ಒಂದು ದೇಶದ ಜನರೆಲ್ಲ ಮನೆಯಲ್ಲಿ ಕೂತು ಉಳಿತಾಯವನ್ನು ಕತ್ತರಿಸಿದ ದಿನದ ದಾಖಲೆ ಅದು. 1946, 1978 ಮತ್ತು 2016ರಲ್ಲಿ ನೋಟು ರದ್ದಾದುದನ್ನು ಕಂಡ ನಮ್ಮ ದೇಶದವರಿಗೆ ಅದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೋಸದಿಂದ ದೂರ

ಪುಣೆಯ ಜುನಾ ಬಜಾರದಲ್ಲಿ ಬುಧವಾರ, ಭಾನುವಾರ ಹಳೆಯ ನಾಣ್ಯ ಹರಡಿಕೊಂಡು ಕೂಡುವವರಿದ್ದಾರೆ. ಹೋಗಿ ನೋಡಿರಿ, ಮೊದಲ ನಾಲ್ಕು ಸಲ ಕೇವಲ ನೋಡಿರಿ. ಕೊಳ್ಳುವಾಗ ಈ ಮಾತುಗಳು ನೆನಪಿರಲಿ.

ತಾಮ್ರ, ಕಂಚು, ಬೆಳ್ಳಿ ಅಯಸ್ಕಾಂತಕ್ಕೆ ಅಂಟವು. ಅಂಟಿದರೆ ಒಳಗೆ ಕಬ್ಬಿಣವಿದೆ ಎಂದು ತಿಳಿದು ಎದ್ದು ಬನ್ನಿ. ಅಂಟದಿದ್ದ ಮಾತ್ರಕ್ಕೆ ಅಸಲಿ ಎಂದು ನಂಬಲೂ ಬೇಡಿ; ತೂಕ ಮಾಡಿಸಿರಿ. ಸವೆದ ನಾಣ್ಯ ಮೇಲೆ ಹೇಳಿದ ತೂಕಕ್ಕಿಂತ ತುಸು ಕಡಿಮೆಯಿರಬಹುದು, ಹೆಚ್ಚಿರಲಾರದು. ಅಂಚಿನ ಸುತ್ತ ಜೋಡಿಸಿದ ಗೆರೆ ಕಂಡರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ನಕಲು.

ಇನ್ನು ದೊಡ್ಡ ಮೋಸ. 1818ರ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಹನುಮಂತ ಅಥವಾ ರಾಮ ಸೀತೆಯರ ಚಿತ್ರವಿರುವ ಬಿಲ್ಲೆಗಳನ್ನು ಲಕ್ಷ ರೂಪಾಯಿಯ ಮಾತಾಡಿ ಮಾರುವವರಿದ್ದಾರೆ. ಬ್ರಿಟಿಷ್ ಕಂಪನಿ ಅಂಥ ನಾಣ್ಯವನ್ನು ಹೊಡೆಸಿಯೇ ಇಲ್ಲ. ‘ಅಕ್ಕಿಯನ್ನು ಎಳೆಯುವ ತಾಮ್ರ’ ಎಂದು ಹೇಳಿ ಮುಂಗಡ ಕೇಳುವವರೂ ಇದೇ ಗುಂಪಿನವರು. ಯಾವ ಕಂಪನಿಯ ತಾಮ್ರವೂ ಅಕ್ಕಿಯನ್ನು ಎಳೆಯದು; ಎಳೆಯುವುದು ನಿಮ್ಮ ಭವಿಷ್ಯ ನಿಧಿಯನ್ನು. ನಾಣ್ಯ ಸಂಗ್ರಹವನ್ನು ಹಣ ಬೆಳೆಸುವ ದಾರಿಯೆಂದು ಹಿಡಿಯಬೇಡಿ. ಮನೆಯ ಖರ್ಚು, ಮಕ್ಕಳ ಫೀ ಕಳೆದು ಚಹಾದ ರೊಕ್ಕದಲ್ಲಿ ಎಷ್ಟು ಉಳಿದೀತೋ ಅಷ್ಟಕ್ಕೇ ಈ ಹವ್ಯಾಸ ಇರಲಿ.

ಕಾಪಾಡುವ ಬಗೆ

ಹಳೆಯ ನಾಣ್ಯವನ್ನು ತಿಕ್ಕಬೇಡಿ. ಹುಣಸೆಹಣ್ಣು, ಬೂದಿ, ಪೀತಾಂಬರಿ ಪುಡಿ ಇವೆಲ್ಲ ದೇವರ ಮನೆಯ ಪಾತ್ರೆಗೆ ಸರಿ. ನಾಣ್ಯದ ಮೇಲಿನ ಕಪ್ಪು, ಕಂದು ಬಣ್ಣ ಅದರ ವಯಸ್ಸಿನ ಸಾಕ್ಷಿ. ತಿಕ್ಕಿ ಹೊಳಪಿಸಿದರೆ ಬಲ್ಲವರು ಅರ್ಧ ಬೆಲೆಗೂ ಕೇಳರು. ಅಂಚು ಹಿಡಿದು ಎತ್ತಬೇಕು. ಕಾಗದದ ಚಿಕ್ಕ ಲಕೋಟೆಯಲ್ಲಿ ಒಂದೊಂದನ್ನೇ ಇಡಬೇಕು. ನೋಟಿಗೆ ಅಂಟು ಟೇಪು, ಪ್ಲಾಸ್ಟಿಕ್ ಹೊದಿಕೆಯ ಕಾಯಿಸಿದ ಲೇಪ ಕೂಡದು. ಮಡಿಚದೆ ಪುಸ್ತಕದಂತೆ ಚಪ್ಪಟೆಯಾಗಿ ಇಡಬೇಕು.

ಕಾನೂನಿನ ಎರಡು ಮಾತು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ಮೀರಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಹೊಲ ಉಳುವಾಗ, ಪಾಯ ಅಗೆಯುವಾಗ ನೆಲದಲ್ಲಿ ಸಿಕ್ಕಿದುದು 10 ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು. ರಜೆಯಲ್ಲಿ ಮುಂಬಯಿಗೆ ಹೋದವರು ಕೋಟೆ ಭಾಗದಲ್ಲಿರುವ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವನ್ನು ನೋಡಿ ಬರಲಿ. ಓದಿನಲ್ಲಿ ಮುಂದುವರಿಯಬೇಕೆಂಬವರಿಗೆ ನಾಸಿಕದ ಹತ್ತಿರದ ಅಂಜನೇರಿಯಲ್ಲಿ ನಾಣ್ಯಶಾಸ್ತ್ರದ ಸಂಶೋಧನ ಸಂಸ್ಥೆಯಿದೆ.

ಮಾಡಬೇಕಾದ ಅಭ್ಯಾಸ

ಈ ಭಾನುವಾರ ಮನೆಯ ಟ್ರಂಕಿನಲ್ಲಿರುವ ಒಂದು ಹಳೆಯ ನಾಣ್ಯವನ್ನು ತೆಗೆಯಿರಿ, ಡಚ್ಚರದೇ ಆಗಬೇಕೆಂದಿಲ್ಲ. ಒಂದು ಲಕೋಟೆಯ ಮೇಲೆ ಐದು ಸಾಲು ಬರೆಯಿರಿ:

1. ಇದರ ಮೇಲೆ ಯಾವ ಯಾವ ಲಿಪಿಗಳಿವೆ, ಇಸವಿ ಯಾವುದು?
2. ಲೋಹ ಯಾವುದು, ತೂಕವೆಷ್ಟು, ಅಗಲವೆಷ್ಟು?
3. ಇದನ್ನು ಮನೆಗೆ ತಂದವರು ಯಾರು?
4. ಎಲ್ಲಿಂದ, ಯಾವ ಕೆಲಸಕ್ಕೆ ಹೋದಾಗ ತಂದರು?
5. ಇದನ್ನು ನಮಗೆ ಹೇಳಿದವರು ಯಾರು, ಎಂದು ಹೇಳಿದರು?

ಮೊದಲಿನ ಎರಡು ಸಾಲನ್ನು ಇನ್ನು ನೂರು ವರ್ಷದ ನಂತರವೂ ಯಾರಾದರೂ ಬರೆಯಬಲ್ಲರು. ನಾಣ್ಯ ಇದ್ದರೆ ಸಾಕು. ಉಳಿದ ಮೂರನ್ನು ನಿಮ್ಮ ಹೊರತು ಇನ್ನಾರೂ ಬರೆಯಲಾರರು. ಬರೆದ ಲಕೋಟೆಯನ್ನು ವಾಚನಾಲಯಕ್ಕೆ ತನ್ನಿರಿ. ನಾಣ್ಯವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿರಿ. ಬರಹವನ್ನು ನಾವು ನಕಲು ಮಾಡಿಕೊಂಡು ವಾಚನಾಲಯದ ವಹಿಯಲ್ಲಿ ಸೇರಿಸುವೆವು. ಕನ್ನಡ ಬರೆಯಲು ಬಾರದ ಹಿರಿಯರು ಬಾಯಲ್ಲಿ ಹೇಳಿದರೂ ಆಗುತ್ತದೆ. ಸಂಜೆಯ ಪಾಳಿ ಮುಗಿದ ಮೇಲೆ ನಮ್ಮಲ್ಲಿ ಒಬ್ಬರು ಬರೆದುಕೊಳ್ಳಲು ಕೂತಿರುತ್ತೇವೆ.